ಹಿತ್ತಾಳೆ ಡಬ್ಬಿಯೊಳಗಿನ ಗುಳುಗುಳು

ಅಂಧೇರಿ ಸ್ಟೇಷನ್ನಿನಲ್ಲಿ ಇಳಿದು ಒಂದೇ ಸಾಲಿನ ಬಾಡಿಗೆ ಕೋಣೆಗಳ ನಮ್ಮ ಚಾಳಿಗೆ ನಡೆದು ಬರುವಾಗ ದಾರಿಯಲ್ಲಿ ಎಮ್ಮೆಗಳ ತಬೇಲಾ ಎದುರಾಗುತ್ತಿದ್ದ ಕಾಲವದು. ಕಣ್ಣು ಮುಚ್ಚಿಕೊಂಡೇ, ವಾಸನೆ ಹಿಡಿದು ಮನೆ ಸೇರಬಹುದಿತ್ತು. ಮೊದಲು ಸೆಗಣಿ, ಆಮೇಲೆ ಗಿರಣಿಯಲ್ಲಿ ಬೀಸಿದ ಬಿಸಿ ಗೋಧಿಹಿಟ್ಟು, ಕೊನೆಗೆ ಚಾಳಿನ ನಲ್ಲಿಯ ಪಾಚಿ. ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷದ ಜನವರಿಯಲ್ಲಿ ಇವುಗಳ ಜೊತೆಗೆ ಪೆಟ್ರೋಲಿನ ವಾಸನೆಯೂ ಸೇರಿತು. ಆ ವಾಸನೆ ಇಷ್ಟಪಡುವವರು ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ನಾನಾದರೆ ಇವತ್ತಿಗೂ ಪೆಟ್ರೋಲ್ ಬಂಕಿನಲ್ಲಿ ಕಾರಿನ ಗಾಜು ಏರಿಸುತ್ತೇನೆ.

ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಅದಕ್ಕೆ ಮುಂಚೆ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಗಿದ್ದರು. ಅಲ್ಲೇ ಮೇಜು ಜೋಡಿಸಿ ಮಲಗಿ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನನಗೆ ಆರು ತುಂಬುವವರೆಗೂ ಅಪ್ಪ ಅಂದರೆ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದು, ಒಂದು ನಿದ್ದೆ ಮಾಡಿ ಹೊರಟುಹೋಗುವ ನೆಂಟರು. ಟ್ಯಾಕ್ಸಿ ಸಿಕ್ಕಿದ ಮೇಲೆ ದಿನಾ ಸಂಜೆ ಮನೆಗೆ ಬರತೊಡಗಿದರು. ಕಪ್ಪು-ಹಳದಿಯ ಆ ಮುದಿ ಕಾರು ಮಾಲೀಕನದು. ನಿಲ್ಲುತ್ತಿದ್ದುದು ನಮ್ಮ ಚಾಳಿನ ಅಂಗಳದಲ್ಲಿ, ಹಾಗಾಗಿ ನನ್ನ ಲೆಕ್ಕದಲ್ಲಿ ನಮ್ಮದೇ.

ನಿಂತ ಕಾರಿನಲ್ಲಿ ಪಕ್ಕದ ಖೋಲಿಯ ಶಾಲನ್ ಮತ್ತು ನಾನು ಆಡುತ್ತಿದ್ದೆವು. ಅವಳು ಹಿಂದಿನ ಸೀಟಿನಲ್ಲಿ ಬೋರೆಹಣ್ಣು ಚೀಪುವ ಸೇಠಾಣಿ, ನಾನು ಡ್ರೈವರ್. "ಚರ್ಚ್‌ಗೇಟ್ ಚಲೋ! ಜಲ್ದೀ!" ಎಂದು ಅವಳು ನನ್ನ ಜಡೆ ಎಳೆಯುತ್ತಿದ್ದಳು. ಅಪ್ಪನ ಅಪ್ಪಣೆ ಒಂದೇ ಇತ್ತು: "ಸ್ಟೇರಿಂಗ್ ತಿರುಗಿಸು, ಹಾರನ್ ಹೊಡಿ, ಎಂತ ಬೇಕಾದ್ರೂ ಮಾಡು. ಆ ಚೋಕಿನ ಗುಂಡಿ ಮಾತ್ರ ಮುಟ್ಲಿಕ್ಕಿಲ್ಲ." ಚಳಿಗೆ ಇಂಜಿನ್ ಏಳದಿದ್ದರೆ ಎಳೆಯುವ ಗುಂಡಿ ಅದು. ಎಳೆದರೆ ಪೆಟ್ರೋಲು ಜಾಸ್ತಿ ಹೋಗುತ್ತದೆ. ಒಂದು ಬುಧವಾರ ಸೇಠಾಣಿಗೆ ತೀರಾ ಅವಸರವಿತ್ತು. ನಾನು ಗುಂಡಿ ಹಿಡಿದು ಜೋರಾಗಿ ಎಳೆದೆ. ಕಟ್ ಎಂದಿತು. ತಿರುಗಿ ಒಳಗೆ ತಳ್ಳಿದೆನೋ ಇಲ್ಲವೋ, ನೆನಪಿಲ್ಲ.

ಗುರುವಾರ ಬೆಳಿಗ್ಗೆ ಕಾರು ಏಳಲಿಲ್ಲ.

"ಪೆಟ್ರೋಲು ಸಾಲುದಿಲ್ಲ ಕಾಣ್ತದೆ" ಎಂದು ಅಪ್ಪ ಚೋಕ್ ಎಳೆದು ಆಕ್ಸಿಲೇಟರನ್ನು ಪಟಪಟ ತುಳಿದರು. ಇಂಜಿನ್ನಿನ ಕೆಳಗೆ ನೆಲದ ಮೇಲೆ ತೊಟ್ಟಿಕ್ಕತೊಡಗಿತು. ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿದರೆ ಕಪ್ಪಗೆ ತೊಯ್ದಿದ್ದವು. ಅಮ್ಮನ ಹಳೆಯ ಸೀರೆಯ ಚೂರಿನಲ್ಲಿ ಒರೆಸಿ, ಬಿಸಿಲಿಗಿಟ್ಟು, ಮತ್ತೆ ಹಾಕಿದರೆ ಕಾರು ಕೆಮ್ಮಿಕೊಂಡು ಎದ್ದು, ಕಪ್ಪು ಹೊಗೆ ಬಿಡುತ್ತಾ ಜೋಗೇಶ್ವರಿಯವರೆಗೆ ಹೋಗಿ ಸಾಯುತ್ತಿತ್ತು. ಪ್ಯಾಸೆಂಜರುಗಳು ಮೂಗು ಮುಚ್ಚಿಕೊಂಡು ಇಳಿದು ಹೋಗುತ್ತಿದ್ದರು.

ಶುಕ್ರವಾರ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳಿದರು: "ಟ್ಯಾಕ್ಸಿ ಸ್ಟ್ಯಾಂಡಿನವರು ಹೇಳ್ತಾರೆ, ಯಾರೋ ಚೋಕ್ ಜೋರು ಎಳೆದು ಹಾಳು ಮಾಡಿದ್ದಾರೆ ಅಂತ. ಮಾಲೀಕ ಸೋಮವಾರದವರೆಗೆ ನೋಡ್ತಾನಂತೆ. ಆಮೇಲೆ ಗಾಡಿ ಬೇರೆಯವರಿಗೆ."

"ಮತ್ತೆ ನೀವು?"

"ನಾನೆಂತ, ಗ್ರಾಂಟ್ ರೋಡಿಗೆ. ಹೋಟೆಲಿನ ಒಲೆ ಎಲ್ಲಿಗೂ ಓಡಿಹೋಗ್ಲಿಲ್ಲವಲ್ಲ."

ತಟ್ಟೆಯ ಅನ್ನವನ್ನು ಅಂಚಿಗೆ ಸರಿಸಿದೆ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ನೀರು ಕುಡಿದು ಮುಚ್ಚಿದೆ. ಶನಿವಾರ ಶಾಲನಳನ್ನು ಯಾರಿಗೂ ಹೇಳಬೇಡವೆಂದು ಬೇಡಿಕೊಂಡರೆ, ಅವಳು "ಆಯಿಶಪ್ಪತ್" ಎಂದು ತಾಯಿಯ ಆಣೆಯಿಟ್ಟು ಗಂಟಲು ಮುಟ್ಟಿಕೊಂಡು, ಅದಕ್ಕೆ ಹತ್ತು ಬೋರೆಹಣ್ಣು ಆಗುತ್ತದೆ ಅಂದಳು.

ಭಾನುವಾರ ಬೆಳಿಗ್ಗೆ ಅಪ್ಪ ಕಾರು ರಿಪೇರಿಯ ಬಸಪ್ಪ ಮಿಸ್ತ್ರಿಯನ್ನು ಕರೆತಂದರು. ಬಿಜಾಪುರದ ಕಡೆಯವನು, ಊದುಬತ್ತಿಯಂತೆ ಸಣಕಲ. ಗೋಣಿಚೀಲ ಹಾಸಿ ಪಾನಾ, ಸ್ಕ್ರೂಡ್ರೈವರುಗಳನ್ನು ಹರಡಿಕೊಂಡು ಕೇಳಿದ: "ಏನಂತಾಳ್ರೀ ಅಣ್ಣಾರ, ನಿಮ್ಮ ಮುದುಕಿ?"

"ಏಳುದೇ ಇಲ್ಲ ಮಾರಾಯ್ರೆ. ಎಷ್ಟು ಪೆಟ್ರೋಲು ಕೊಟ್ಟರೂ ಸಾಲುದಿಲ್ಲ."

ಬಸಪ್ಪ ಬಾನೆಟ್ ಎತ್ತಿ ಮೂಸಿದ. ಪಾನಾದ ಹಿಡಿಯಿಂದ ಇಂಜಿನ್ನಿಗೆ ಪೆಟ್ರೋಲು ಅಳೆದು ಬಿಡುವ ಕಾರ್ಬುರೇಟರಿಗೆ ಎರಡು ಸಲ ಮೆಲ್ಲಗೆ ತಟ್ಟಿದ. ಸೋರುವುದು ನಿಲ್ಲಲಿಲ್ಲ. "ಸಾಲೂದಿಲ್ಲ ಅಂದ್ರ ಹ್ಯಾಂಗ್ರೀ? ಹೊಟ್ಟಿ ಬಿರಿಯೂಹಂಗ ಕುಡದು ಬಿದ್ದಾಳ. ಹಸದಾಳಂತ ನೀವು ಮತ್ತ ಬಾಯಾಗ ತುರಕಾಕ ಹತ್ತೀರಿ! ಈ ಚೋಕ್ ಯಾರ್ ಎಳದಿದ್ರು?"

ಕೇಳಿದ್ದು ಅಪ್ಪನನ್ನು. ಚಹಾದ ಗ್ಲಾಸು ಹಿಡಿದು ನಿಂತಿದ್ದ ನನಗೆ ನನ್ನನ್ನೇ ಕೇಳಿದಂತಾಯಿತು.

"ನಾನೇ ಎಳೆದದ್ದು. ಬುಧವಾರ. ಅಪ್ಪ, ನೀವು ಹೋಟೆಲಿಗೆ ಹೋಗ್ಬೇಡಿ" ಎನ್ನುವಷ್ಟರಲ್ಲಿ ಅಳು ಬಂದು, ಅರ್ಧ ಚಹಾ ಕಾಲ ಮೇಲೆ ಚೆಲ್ಲಿತು.

"ಅಯ್ಯೋ ಹಾಳಾದವಳೇ!" ಅಂತ ಅಮ್ಮ ಬಾಗಿಲಿನಿಂದ ಕೂಗಿದರು. ಅಪ್ಪ ಕೈ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು, ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡರು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ತಡೀರಿ ಅಕ್ಕಾರ, ಹುಡಗೀನ್ನ ಆಮ್ಯಾಲೆ ಬೈಯ್ಯೀರಂತ" ಎಂದ ಬಸಪ್ಪ ಕಾರ್ಬುರೇಟರಿನ ಮುಚ್ಚಳ ಬಿಚ್ಚಿ, ಸುಣ್ಣದ ಡಬ್ಬಿಯಷ್ಟು ದೊಡ್ಡ ಹಿತ್ತಾಳೆಯ ವಸ್ತುವೊಂದನ್ನು ಹೊರತೆಗೆದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನಕ್ಕ. "ಬಾಯವ್ವಾ ಇಲ್ಲಿ. ಹಾರನ್ ಕೇಳಿ ಕೇಳಿ ನಿಮ್ಮಪ್ಪನ ಕಿವಿ ಹೋಗ್ಯಾವು. ನೀ ಕೇಳು."

ತಣ್ಣಗಿನ ಹಿತ್ತಾಳೆ ಕಿವಿಗೆ ತಗುಲಿತು. ಒಳಗೆ ಗುಳುಗುಳು.

"ನೀರು" ಅಂದೆ.

"ಪೆಟ್ರೋಲು. ಇದರೊಳಗ ಬರೇ ಗಾಳಿ ಇರಬೇಕು. ಇದು ತೇಲಿ ಮ್ಯಾಲೆ ಬಂದ್ರ ಪೆಟ್ರೋಲ್ ಬರೂ ಬಾಗಲಾ ಮುಚ್ಚತೈತಿ. ಈಗ ಎಲ್ಲೋ ತೂತು ಬಿದ್ದು, ಒಳಗ ಪೆಟ್ರೋಲ್ ಹೊಕ್ಕು, ಮುಳುಗಿ ಕುಂತೈತಿ. ಬಾಗಲಾ ಹಾ ಅಂತ ತಗದೇ ಐತಿ. ವಯಸ್ಸಾಗಿ ಸವದದ್ದು. ನೀ ಚೋಕ್ ಎಳದದ್ದಕ್ಕೂ ಇದಕ್ಕೂ ಏನ್ ಸಂಬಂಧ?"

ಅಪ್ಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಮಿಸ್ತ್ರಿ, ಇವಳನ್ನು ಬಚಾವ್ ಮಾಡ್ಲಿಕ್ಕೆ ಹೇಳುದಲ್ಲವಲ್ಲ?"

"ಬಿಸಿನೀರು ತರಸ್ರಿ. ತೂತಿದ್ರ ಬಿಸಿಗೆ ಅಲ್ಲಿಂದ ಗುಳ್ಳಿ ಬರತಾವ, ಕಣ್ಣಿಗೇ ತೋರಸ್ತೀನಿ."

ಆ ಹೊತ್ತಿನಲ್ಲಿ ಬಿಸಿನೀರಿದ್ದುದು ಇಡ್ಲಿ ಪಾತ್ರೆಯಲ್ಲಿ ಮಾತ್ರ. "ನನ್ನ ಪಾತ್ರೆಗೆ ಪೆಟ್ರೋಲು ಮುಟ್ಟಿಸುದಾ? ನಾಳೆ ಇಡ್ಲಿ ತಿಂದವರು ಸ್ಟಾರ್ಟ್ ಆದಾರು!" ಎನ್ನುತ್ತಾ ಅಮ್ಮ ನೀರನ್ನು ಬಾಲ್ದಿಗೆ ಬಗ್ಗಿಸಿ ಅಂಗಳಕ್ಕೆ ತಂದರು. ಬಸಪ್ಪ ಡಬ್ಬಿಯನ್ನು ಅದರಲ್ಲಿ ಮುಳುಗಿಸಿ ಹಿಡಿದ.

ಏನೂ ಆಗಲಿಲ್ಲ. ಅಪ್ಪ ನೀರಿಗೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ಡಬ್ಬಿಯ ಅಂಚಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಮತ್ತೆ ಒಂದು ಸಾಲು.

"ಹೌದಲ್ಲ" ಎಂದರು ಅಪ್ಪ. ನನ್ನ ಕಡೆ ತಿರುಗಿ, "ಇದು ನಿನ್ನದಲ್ಲ ಮಗಾ" ಎಂದು, ಗ್ರೀಸು ಮೆತ್ತಿದ ಕೈಯನ್ನು ತಲೆಯ ಮೇಲೆ ಇಟ್ಟರು.

ನನಗೆ ಇದ್ದಕ್ಕಿದ್ದಂತೆ ಭಯಂಕರ ಹಸಿವಾಯಿತು. ಮೆಟ್ಟಿಲ ಮೇಲೆ ಕೂತು ಏಳು ಇಡ್ಲಿ ತಿಂದೆ. ಅಷ್ಟರಲ್ಲಿ ಬಸಪ್ಪ ಡಬ್ಬಿಯ ಪೆಟ್ರೋಲನ್ನೆಲ್ಲ ಹೊರಹಾಕಿ, ಬಹಳ ಹೊತ್ತು ಬಿಸಿಲಲ್ಲಿ ಒಣಗಿಸಿ, ಕಾರಿನಿಂದ ದೂರ ಹೋಗಿ ಬೆಸುಗೆ ಹಾಕಿದ. ಅಕ್ಕಿಕಾಳಿನಷ್ಟೇ, ಹೆಚ್ಚಾದರೆ ಭಾರಕ್ಕೆ ಮತ್ತೆ ಮುಳುಗುತ್ತದಂತೆ. ಇನ್ನೊಮ್ಮೆ ಬಿಸಿನೀರಿಗೆ ಹಾಕಿದಾಗ ಒಂದು ಗುಳ್ಳೆಯೂ ಬರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಬಸಪ್ಪ ಹೇಳಿದ: "ಚೋಕ್ ಬ್ಯಾಡ. ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡೀರಿ. ಪಟಪಟ ತುಳೀಬ್ಯಾಡ್ರಿ ಮತ್ತ!" ಕಾರು ಎರಡು ಸಲ ಕೆಮ್ಮಿ, ಒಳಗಿದ್ದ ಕಪ್ಪನ್ನೆಲ್ಲ ಉಗುಳಿ, ಒಂದೇ ಸಮನೆ ಗುರುಗುಟ್ಟತೊಡಗಿತು. ಶಾಲನ್ ಓಡಿಬಂದು ನನ್ನ ಕಿವಿಯಲ್ಲಿ ತನ್ನ ಹತ್ತು ಬೋರೆಹಣ್ಣಿನ ಮಾತೆತ್ತಿದಳು.

ಸೋಮವಾರ ಸಂಜೆ ಅಪ್ಪ ಎಂದಿನಂತೆ ಮನೆಗೆ ಬಂದರು. ಕೈಕಾಲು ತೊಳೆದು, ಊಟ ಮುಗಿಸಿ, ನನ್ನನ್ನು ಹತ್ತಿರ ಕರೆದು ಕಿವಿ ಹಿಂಡಿದರು. "ಮುಟ್ಲಿಕ್ಕಿಲ್ಲ ಅಂದ್ರೆ ಮುಟ್ಲಿಕ್ಕಿಲ್ಲ. ಅದು ಬೇರೆ ವಿಷಯ." ಅಷ್ಟು ಸುಖವಾಗಿ ನಾನು ಮತ್ಯಾವತ್ತೂ ಕಿವಿ ಹಿಂಡಿಸಿಕೊಂಡಿಲ್ಲ.

ಈಗ ಅಪ್ಪನೂ ಇಲ್ಲ, ಬಸಪ್ಪನೂ ಇಲ್ಲ. ಕಾರ್ಬುರೇಟರ್ ಎಂದರೆ ನನ್ನ ಮೊಮ್ಮಕ್ಕಳು ಮುಖ ನೋಡುತ್ತಾರೆ. ಹೋದ ತಿಂಗಳು ನಾನು ಓಡಿಸುತ್ತಿದ್ದಾಗಲೇ ಮಗಳ ಕಾರು ಬೊರಿವಲಿಯಲ್ಲಿ ನಿಂತುಬಿಟ್ಟಿತು. ಯಾರೋ ಬಂದು ಎಳೆದುಕೊಂಡು ಹೋದರು. ಮೂರನೆಯ ದಿನ ಮಗಳೂ ನಾನೂ ಸರ್ವಿಸ್ ಸೆಂಟರಿಗೆ ಹೋದಾಗ, ಗಾಜಿನ ಆಚೆ ಕೂತ ಹುಡುಗ ಕಾಗದವೊಂದನ್ನು ಮುಂದೆ ತಳ್ಳಿದ.

"ಏನಾಗಿತ್ತಪ್ಪಾ?" ಎಂದು ನನ್ನ ಹಿಂದಿಯಲ್ಲಿ ಕೇಳಿದೆ.

"ಪಾರ್ಟ್ ಚೇಂಜ್ ಕರ್ ದಿಯಾ, ಆಂಟಿ."

"ಹಳೆಯದನ್ನು ತೋರಿಸ್ತೀಯಾ?"

"ವೋ ತೋ ಫೇಂಕ್ ದಿಯಾ." ಎಸೆದೇ ಬಿಟ್ಟಿದ್ದರಂತೆ.

"ನಾನು ಓಡಿಸಿದ್ದರಲ್ಲಿ ಏನಾದರೂ ತಪ್ಪಿತ್ತಾ?"

ಹುಡುಗ ಕಂಪ್ಯೂಟರಿನ ಪರದೆಯ ಮೇಲೆ ತುಂಬ ಹೊತ್ತು ಹುಡುಕಿದ. ಪಾಪ, ಒಳ್ಳೆಯವನೇ. ಆಮೇಲೆ, "ವೋ ಇಸ್‌ಮೇ ನಹೀ ಆತಾ, ಆಂಟಿ" ಅಂದ. ಅದೆಲ್ಲ ಆ ಪರದೆಯಲ್ಲಿ ಬರುವುದಿಲ್ಲವಂತೆ.

ಕಾರು ಚೆನ್ನಾಗಿಯೇ ಓಡಿತು. ಓಡಿಸಿದ್ದು ಮಗಳು. ನಾನು, ಕೆಟ್ಟದ್ದು ನನ್ನಿಂದಲೇ ಅಂದುಕೊಂಡಿದ್ದಾಳೋ ಏನೋ ಎಂದು, ಗೋರೆಗಾಂವ್ ದಾಟುವವರೆಗೂ ಆಗಾಗ ಅವಳ ಮುಖ ನೋಡುತ್ತಾ ಕೂತಿದ್ದೆ.