ಶಶಿಯ ಸೆಲ್ಲುಗಳಿಗೆ ಯಾವ ಮೀಡಿಯಂ?

"ಸೆಲ್ಲು ಸತ್ತೋದ್ವಾ? ಬಿಸ್ಲಿಗಿಡು ಮಗಾ. ಇನ್ನೆರಡು ದಿನ ಬತ್ತವೆ."

ಕಳೆದ ತಿಂಗಳು ಅಜ್ಜಂಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಚಿಕ್ಕಪ್ಪ ತಮ್ಮ ಮಗಳು ಶಶಿಕಲಾಗೆ ಹೇಳಿದ ಸಮಾಧಾನ ಇದು. ಪಾಪ, ಅವರ ತಪ್ಪಲ್ಲ. ತರೀಕೆರೆಯ ಕೊಬ್ಬರಿ ವ್ಯಾಪಾರಿ. ಅವರಿಗೆ ಗೊತ್ತಿರುವ ಸೆಲ್ಲು ಟಾರ್ಚಿನದು. ಶಶಿ ಹೇಳುತ್ತಿದ್ದುದು ಮನುಷ್ಯರ ಮೈಯ ಸೆಲ್ಲು.

ನಾನಾದರೂ ಏನು ಮಹಾ ಜಾಣ? "ಅಣ್ಣಯ್ಯ, ಯಾವ ಮೀಡಿಯಂ ಅಂತ ತೀರ್ಮಾನ ಮಾಡೋಕೇ ಆಗ್ತಿಲ್ಲ" ಅಂದಳು ಅವಳು. ಕಡೂರಿನ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡುವ ನನಗೆ ಅಷ್ಟು ಸಾಕಲ್ಲ! "ಕನ್ನಡ ಮೀಡಿಯಮ್ಮೇ ಕಣಮ್ಮಾ, ಅದ್ರಲ್ಲೇನು ಯೋಚ್ನೆ?" ಅಂದುಬಿಟ್ಟೆ. ತಾಯಿನುಡಿಯ ಮೇಲೆ ಅರ್ಧ ಭಾಷಣವೂ ಆಯಿತು. ಅವಳು ನಗಲಿಲ್ಲ. (ನನ್ನ ಭಾಷಣಕ್ಕೆ ಆ ಹುಡುಗಿ ನಗದೆ ಇದ್ದದ್ದು ಅದೇ ಮೊದಲು.) ಆಗ ಗಾಬರಿಯಾಯಿತು.

ವಿಷಯ ಇಷ್ಟು. ಅಂದರೆ ನನಗೆ ಅರ್ಥವಾದಷ್ಟು. ಶಶಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೆರಿಗೆಯಾದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿ ತಂದು, ಅದರ ರಕ್ತನಾಳದ ಒಳಮೈಗೆ ಅಂಟಿಕೊಂಡ ಸೆಲ್ಲುಗಳನ್ನು ಬಿಡಿಸಿ, ತಟ್ಟೆಯಲ್ಲಿ ಬೆಳೆಸಬೇಕು.

"ಸಾಕ್ತೀಯ ಅನ್ನು," ಅಂದಳು ಅವ್ವ. ಹೌದು, ಸಾಕುವುದೇ. ಅವು ಉಣ್ಣುವ ದ್ರವಕ್ಕೆ ಮೀಡಿಯಂ ಅನ್ನುತ್ತಾರೆ. ಉಪ್ಪು, ಸಕ್ಕರೆ, ವಿಟಮಿನ್ನು ಎಲ್ಲ ಇರುತ್ತದೆ. ಅಷ್ಟೇ ಸಾಲದು, ಸೀರಂ ಬೇಕು. ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿ.

"ಯಾರ ರಕ್ತ?" ಅವ್ವ ಕೇಳಿದಳು.

ಶಶಿ ಕತ್ತಿನಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡಳು. "ಕರೂದು ದೊಡ್ಡವ್ವ. ಇನ್ನೂ ಹುಟ್ದೇ ಇರೋ ಕರೂದು. ಗಬ್ಬದ ಹಸ ಕಡಿದಾಗ ಸಿಗುತ್ತೆ."

ಮೊಟ್ಟೆಯ ಹೆಸರನ್ನೂ ಮೆತ್ತಗೆ ಹೇಳುವ ಮನೆ ನಮ್ಮದು. ಕೊಟ್ಟಿಗೆಯಲ್ಲಿ ಗಬ್ಬದ ಹಸು ಬೇರೆ ಇದೆ. ಅವ್ವ ಅದಕ್ಕೆ ದಿನಾ ಹಿಂಡಿ ನೆನೆಸಿ, ಬೆನ್ನು ಸವರಿ, ಬಸುರಿ ಸೊಸೆಯ ಹಾಗೆ ನೋಡಿಕೊಳ್ಳುತ್ತಿದ್ದಾಳೆ.

"ಶಿವ ಶಿವಾ! ಬಿಟ್ಟು ಬಾರಮ್ಮಾ ಆ ಓದ್ನ," ಅಂದರು ಚಿಕ್ಕಪ್ಪ.

ಬಿಡುವುದು ಅಷ್ಟು ಸಲೀಸೇ? ಮನಸ್ಸು ಒಪ್ಪದೆ ಅವಳು ಕರುವಿನ ಸೀರಂ ಚೂರೇ ಚೂರು ಹಾಕಿ ನೋಡಿದ್ದಳು. ಸೆಲ್ಲು ಸತ್ತವು. ಮತ್ತೆ ಮಾಡಿದಳು, ಮತ್ತೆ ಸತ್ತವು. ಈ ಸಲವೂ ಸತ್ತರೆ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ ಅಂದಿದ್ದಾರಂತೆ ಗೈಡು. ಇಷ್ಟು ವರ್ಷ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಜಾಸ್ತಿ ಹಾಕಿದ್ರೆ ಬದುಕ್ತವೆ ಅಣ್ಣಯ್ಯ. ಹಾಕೋಕೆ ಕೈ ಬರಲ್ಲ. ಹಾಕ್ದೆ ಸಾಯ್ಸೋಕೂ ಮನಸ್ಸು ಬರಲ್ಲ," ಅಂತ ಅತ್ತೇಬಿಟ್ಟಳು.

ಯಾವುದು ಸರಿ? ನೀವೇ ಹೇಳಿ. ರಕ್ತನಾಳದ ಕಾಯಿಲೆಗಳು ಇದರಿಂದ ಅರ್ಥವಾಗುತ್ತವೆ ಅನ್ನುತ್ತಾಳೆ. ಸರಿ ಅನ್ನಿಸುತ್ತದೆ. ಕೊಟ್ಟಿಗೆಯ ಕಡೆ ನೋಡಿದರೆ ತಪ್ಪು ಅನ್ನಿಸುತ್ತದೆ. ನನ್ನ ಕಾಲಲ್ಲಿರುವ ಚಪ್ಪಲಿ ಯಾವುದರದು ಅಂತ ನೆನಪಾದರೆ ಎರಡೂ ಗೋಜಲು. ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಅವ್ವನಿಗೆ ಅಂಥ ಗೋಜಲೇನಿರಲಿಲ್ಲ. "ಮನುಷ್ಯರ ಕೂಸಿಂದಕ್ಕೆ ಮನುಷ್ಯರ ರಕ್ತ ಆಗಲ್ವೇನೇ?"

"ಆಗುತ್ತೆ ದೊಡ್ಡವ್ವ. ಯಾರು ಕೊಡ್ತಾರೆ?"

ಅವ್ವ ಸೆರಗು ಸರಿಸಿ ತೋಳು ಚಾಚಿಯೇಬಿಟ್ಟಳು. "ನಂದು ತಗ." ಸಕ್ಕರೆ ಕಾಯಿಲೆಯವರದು ಬೇಡ ಅಂದಳು ಶಶಿ. "ಸಿಹಿ ಇದ್ರೆ ಇನ್ನೂ ಚೆನ್ನಾಗಿ ಉಣ್ತಾವಲ್ಲೇ!"

ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದೆವು. ತರೀಕೆರೆ ಬಸ್ಸಿಗೆ ಹೊತ್ತಾಯ್ತು ಅಂತ ಅವರು ಟವೆಲ್ಲು ಕೊಡವಿ ಎದ್ದರು. ("ಶಿವ ಶಿವಾ" ಅಂದದ್ದು ಇದೇ ಬಾಯಿ.) ಉಳಿದವನು ನಾನು. ಸೂಜಿ ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತದೆ. ಆದರೂ ಮಾರನೆಯ ದಿನ ಶಶಿಯ ಜೊತೆ ಬೆಂಗಳೂರಿನ ರೈಲು ಹತ್ತಿದೆ. ಧರ್ಮಕ್ಕೋ, ವಿಜ್ಞಾನಕ್ಕೋ, ಆ ಹುಡುಗಿಯ ಕಣ್ಣೀರಿಗೋ? ಇವತ್ತಿಗೂ ನನಗೆ ತಿಳಿಯದು.

ಒಬ್ಬರ ಸೀರಂ ಸಾಲದಂತೆ. ನನ್ನದಕ್ಕೆ ಅವಳ ಜೊತೆ ಓದುವ ಇಬ್ಬರದ್ದನ್ನೂ ಬೆರೆಸಿದರು.

ಮೊನ್ನೆ ಎದುರಂಗಡಿಯ ಫೋನಿಗೆ ಟ್ರಂಕ್ ಕಾಲ್ ಬಂತು. "ಬದ್ಕಿದಾವೆ ಅಣ್ಣಯ್ಯ! ತಟ್ಟೆ ತುಂಬಾ ಹಬ್ಕೊಂಡಿದಾವೆ!" ಶಶಿ ಕೂಗಿದ್ದು ಅಂಗಡಿಗೆಲ್ಲ ಕೇಳಿಸಿತು. ನಾನು ರಸ್ತೆ ದಾಟಿ ಮನೆಗೆ ಓಡಿದೆ. ಅವತ್ತು ಚಿಕ್ಕಪ್ಪನೂ ಮನೆಗೆ ಬಂದಿದ್ದರು. ಸುದ್ದಿ ಕೇಳಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೆತ್ತಗೆ ಕೇಳಿದರು: "ರಕ್ತ ಕೊಟ್ಟ ಆ ಇನ್ನಿಬ್ರು... ನಮ್ಮ ಪೈಕಿಯೋರೇನಪ್ಪಾ?"

ಗೊತ್ತಿಲ್ಲ, ನಾನು ಕೇಳಲಿಲ್ಲ ಅಂದೆ.

ಅವ್ವ ನಡುವೆ ಬಾಯಿ ಹಾಕಿದಳು. "ಅದಿರ್ಲಿ ಬಿಡೋ. ಯಾರೋ ಹೆತ್ತಿದ್ದು, ಉಂಡಿದ್ದು ನನ್ನ ಮಗನ ರಕ್ತ. ಈಗ ಅವು ನಂಗೆ ಏನಾಗ್ಬೇಕು, ಅದನ್ನ ಹೇಳು?"