ಸೋವಿ ಫ್ಲಾಪಿಯ ಮಾವ

ಮಾವನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ತುದಿಗೆ ನಶ್ಯದ ಕಂದು ಹತ್ತಿ, ಬುಡದಲ್ಲಿ ಅಂಟಿನ ಕೊಳೆ ಕೂತು, ನೋಡಿದವರಿಗೆ ಅನ್ನ ಸೇರಬಾರದು, ಹಾಗಿತ್ತು. ಆ ಉಗುರಿನಲ್ಲೇ ಡಬ್ಬಿಯಿಂದ ನಶ್ಯ ಮೀಟಿ ಮೂಗಿಗೇರಿಸುತ್ತಿದ್ದರು. ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಫ್ಲಾಪಿಗಳ ಹಳೇ ಚೀಟಿ ಕೆರೆಯುವುದೂ ಅದೇ ಉಗುರಿನಲ್ಲಿ. ಚೀಟಿ ಬಿಡದಿದ್ದರೆ ಎಂಜಲು ಹಚ್ಚಿ ನೆನೆಸುವರು. ಆಮೇಲೆ ನನ್ನ ಕಡೆ ಚಾಚಿ, "ಹಾಕಮ್ಮ, ಹೊಸದರಂಗೈತೆ" ಎನ್ನುವರು. ನಾನು ಸೆರಗಿನ ತುದಿಯಲ್ಲಿ ಹಿಡಿದು ಹಾಕುತ್ತಿದ್ದೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಹಿಂದೂಪುರದ ಪೇಟೆಯಲ್ಲಿ, ಹುಣಸೆಹಣ್ಣಿನ ಮಂಡಿಗಳ ಸಾಲಿನಲ್ಲಿ, ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದಲ್ಲಿ ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ ಕಂಪ್ಯೂಟರ್ ತಂದು ಕೂರಿಸಿದರು. ಮದುವೆ ಕಾರ್ಡು, ಕರಪತ್ರ, ತೆಲುಗಿನಲ್ಲೂ ಕನ್ನಡದಲ್ಲೂ ಅಚ್ಚಿಗೆ ಸಿದ್ಧ ಮಾಡಿಕೊಡುವ ಕೆಲಸ. ನಾನು ಆಗ ಡಿಗ್ರಿ ಮುಗಿಸಿ ಕಲ್ಯಾಣದುರ್ಗದಲ್ಲಿ ಮನೆ ಗುಡಿಸಿಕೊಂಡು ಕೂತಿದ್ದೆ. ಅಪ್ಪ ಹಿಂದೆಮುಂದೆ ನೋಡುವಾಗ, "ಹೆಣ್ಣಾದ್ರೇನು, ಬೆರಳು ಅವ್ವಲ್ಲ, ಕಲೀಲಿ ಬಿಡಪ್ಪ" ಎಂದು ಕರೆದುಕೊಂಡು ಹೋದವರು ಮಾವನೇ. ಕೀಲಿಮಣೆಯ ಮೇಲೆ ಟವೆಲ್ ಹೊದಿಸಿ, ಅದರಡಿ ನನ್ನ ಕೈ ಇರಿಸಿ, "ಕಣ್ಣು ಕಾಗ್ದದ ಮ್ಯಾಲಿರ್ಲಿ" ಎಂದು ಕಲಿಸಿದರು. ತಪ್ಪಿದರೆ ಬೈಯುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಹೊಡೆಸುತ್ತಿದ್ದರು. ಕಲಿಸುವ ತಾಳ್ಮೆಯಲ್ಲಿ ಅಂಥವರನ್ನು ನಾನು ಬೇರೆ ಕಂಡಿಲ್ಲ. ಇದನ್ನು ಹೇಳುವಾಗಲೂ ಆ ಉಗುರು ಕಣ್ಣಮುಂದೆ ಬಂದು ಮುಜುಗರವಾಗುತ್ತದೆ.

ಅವರ ರೋಗ ಒಂದೇ, ಸೋವಿ. ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಫುಟ್‌ಪಾತಿನಲ್ಲಿ ಟಾರ್ಪಾಲು ಹಾಸಿ ಮಾರುವವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬದನೆಕಾಯಿ ಆರಿಸಿದಂತೆ ಫ್ಲಾಪಿ ಆರಿಸುತ್ತಿದ್ದರಂತೆ. ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಿದವರಲ್ಲ. ಎಷ್ಟಕ್ಕೆ ಇಳಿಯುತ್ತದೆ ಎಂಬುದೊಂದೇ ಚಿಂತೆ. ವಾಪಸು ಬಂದ ದಿನ ಮುದ್ದೆ ಮುರಿಯುತ್ತಾ ಯುದ್ಧ ಗೆದ್ದವರ ಹಾಗೆ ಹೇಳುವರು: "ಎದ್ದು ಹೊಂಟೇಬುಟ್ಟೆ ಕಣಮ್ಮ. ಅವ್ನು ಹಿಂದಿಂದೆ ಓಡ್ಬಂದ. ಅಳೋದೊಂದು ಬಾಕಿ ನೋಡು!" ಇನ್ನೊಬ್ಬ ಬಡವ ಅಳುವಂತಾದದ್ದು ಅವರಿಗೆ ಉಪ್ಪಿನಕಾಯಿಯಷ್ಟು ರುಚಿ. ಅತ್ತೆ ಸಾರು ಬಡಿಸಿ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಫ್ಲಾಪಿಗಳಲ್ಲಿ ಎರಡು ಜಾತಿ. ಕಡಿಮೆ ಹಿಡಿಸುವುದು ಅಗ್ಗ, ದುಪ್ಪಟ್ಟು ಹಿಡಿಸುವುದು ದುಬಾರಿ. ದುಬಾರಿಯದಕ್ಕೆ ಮೂಲೆಯಲ್ಲಿ ಒಂದು ತೂತು ಹೆಚ್ಚಿಗೆ ಇರುತ್ತದೆ, ಅದನ್ನು ನೋಡಿಯೇ ಕಂಪ್ಯೂಟರ್ ಇದು ಯಾವ ಜಾತಿ ಎಂದು ತಿಳಿಯುವುದು. ಮಾವ ಇದನ್ನು ಕಂಡುಹಿಡಿದುಬಿಟ್ಟರು. ಅಗ್ಗದ ಫ್ಲಾಪಿ ತಂದು, ಸೀಮೆಎಣ್ಣೆ ಸ್ಟವ್ವಿನ ಮೇಲೆ ದಬ್ಬಣ ಕಾಯಿಸಿ, ಮೂಲೆಗೆ ಚುಚ್ಚುವುದು. ಸುಟ್ಟ ಪ್ಲಾಸ್ಟಿಕ್ಕಿನ ನಾತ, ಮೇಲೆ ಉದುರುವ ನಶ್ಯದ ಪುಡಿ. ಕಂಪ್ಯೂಟರ್ ಮೋಸಹೋಗಿ ದುಪ್ಪಟ್ಟು ಬರೆದುಕೊಳ್ಳುತ್ತಿತ್ತು. ಆದರೆ ಕೆಲ ತಿಂಗಳು ಕಳೆದ ಮೇಲೆ ಒಳಗಿನ ಅಕ್ಷರ ಮಾಸಿಹೋಗುತ್ತಿತ್ತು. ಹಳೇ ಮದುವೆ ಕಾರ್ಡು ತೆರೆಯದಿದ್ದಾಗ ನಾನು ಹೇಳಿದರೆ, "ಮದ್ವೆ ಆಗೋಯ್ತಲ್ಲಮ್ಮ, ಇನ್ಯಾಕೆ?" ಎಂದು ನಗುತ್ತಿದ್ದರು.

ಕಲ್ಯಾಣದುರ್ಗದ ಒಬ್ಬ ರಿಟೈರಾದ ಕನ್ನಡ ಮೇಷ್ಟ್ರು ಒಂದು ಪುಸ್ತಕ ಬರೆದಿದ್ದರು. ಸೆಟ್ಟೂರು, ಬೆಳುಗುಪ್ಪದ ಕಡೆ ಕುರಿ ಕಾಯುವವರ ಜೊತೆ ಹಟ್ಟಿಯಲ್ಲಿ ಕೂತು, ಕುರಿ ಮೇಕೆಗಳ ಕಾಯಿಲೆಗೆ ಅವರು ಮಾಡುವ ನಾಟಿ ಔಷಧಿಯನ್ನೆಲ್ಲ ಕೇಳಿ ಕೇಳಿ ಬರೆದದ್ದು. ಕೆಲಸದ ಅವಧಿಯ ರಜೆಗಳೆಲ್ಲ ಅದಕ್ಕೇ ಹೋಗಿದ್ದವು. ಕಾಗದದ ಕಟ್ಟನ್ನು ನನ್ನ ಕೈಗಿಟ್ಟು, "ನಮ್ಮೂರ ಹುಡುಗಿ ಹೊಡಿತಾಳೆ ಅಂದ್ರೆ ನಂಗೆ ಧೈರ್ಯ ಕಣಮ್ಮ" ಎಂದಿದ್ದರು. ನಾನು ಬಿಡುವಾದಾಗಲೆಲ್ಲ ಕೂತು ಪೂರ್ತಿ ಹೊಡೆದೆ. ಕಂಪ್ಯೂಟರಿನೊಳಗೆ ಜಾಗ ಕಮ್ಮಿ. ಮುಗಿದ ಕೆಲಸವನ್ನು ಫ್ಲಾಪಿಗೆ ಹಾಕಿ ಒಳಗಿನದನ್ನು ಅಳಿಸುವುದು ಅಂಗಡಿಯ ಪದ್ಧತಿ. ನಾನು ಊರಿಗೆ ಹೋಗಿದ್ದಾಗ ಮಾವ ಅದನ್ನೂ ಹಾಗೇ ಮಾಡಿ, ದಬ್ಬಣದ ತೂತಿನ ಫ್ಲಾಪಿಗಳಿಗೆ ತುಂಬಿಸಿಟ್ಟರು. ಮೇಷ್ಟ್ರು ಬರುವ ತನಕ ಪ್ರಿಂಟ್ ತೆಗೆಯುವುದೂ ಬೇಡವೆಂದರು, ಕಾಗದ ದಂಡವಂತೆ.

ಆ ಸಲ ಮದುವೆಗಳ ಗಲಾಟೆ ಜಾಸ್ತಿ. ಮೇಷ್ಟ್ರಿಗೂ ಕಾಲುನೋವು. ಅವರು ಬಸ್ಸಿಳಿದು ಅಂಗಡಿಗೆ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ನಾನು ಫ್ಲಾಪಿ ಹಾಕಿದೆ. ಯಂತ್ರ ಕರಕರ ಎಂದಿತು, ಓದಲಾಗುವುದಿಲ್ಲ ಎಂದು ಪರದೆಯ ಮೇಲೆ ಬಂತು. ಎಲ್ಲವನ್ನೂ ಹಾಕಿ ನೋಡಿದೆ. ಎಲ್ಲದಕ್ಕೂ ಅದೇ ಕರಕರ.

ಮೇಷ್ಟ್ರು ಗಾಬರಿಯಾಗಲಿಲ್ಲ. "ಹೋದ್ರೋಗ್ಲಿ ಬಿಡಮ್ಮ. ನಾ ಬರ್ದಿರೋ ಕಾಗ್ದ ಐತಲ್ಲ, ಇನ್ನೊಂದ್ಸಲ ಹೊಡಿಯುವೆಂತೆ" ಎಂದರು.

ಮಾವ ಉಗುರಿನಲ್ಲಿ ನಶ್ಯ ಮೀಟಿ ಏರಿಸಿಕೊಂಡರು. ಕಣ್ಣಲ್ಲಿ ನೀರು ಬಂತು, ನಶ್ಯಕ್ಕೆ. "ಫ್ಲಾಪಿಗೆ ಬಂದ್ಬುಟ್ಮೇಲೆ ಕಾಗ್ದ ಯಾಕೆ ಅಂತ ಗುಜರಿಗೆ ತೂಕಕ್ಕೆ ಹಾಕ್ಬುಟ್ಟೆ ಮೇಷ್ಟ್ರೇ."

ಮೇಷ್ಟ್ರು ನನ್ನ ಕೀಲಿಮಣೆಯನ್ನೇ ನೋಡುತ್ತಾ, "ಹೇಳ್ದೋರೆಲ್ಲ ಸತ್ತೋಗವ್ರೆ ಕಣಪ್ಪ. ಇನ್ಯಾರ್ನ ಕೇಳ್ಲಿ?" ಎಂದರು.

ಅದಕ್ಕೆ ಮಾವ ಮಾಡಿದ್ದೇನು? ಬಾಗಿಲ ತನಕ ಹಿಂದೆ ಹೋಗಿ, "ಬೇಜಾರು ಪಡಬ್ಯಾಡ್ರಿ, ಒಂದಿಷ್ಟು ಫ್ಲಾಪಿ ಕೊಡ್ತೀನಿ, ಪುಕ್ಕಟೆ" ಎಂದು ಅವೇ ತೂತಿನ ಫ್ಲಾಪಿಗಳನ್ನು ಆ ಮುದುಕರ ಚೀಲಕ್ಕೆ ತುರುಕಿದರು. ಮಾರನೇ ದಿನ ಗುಜರಿ ಅಂಗಡಿಗೆ ಹೋದೆ. ಕಾಗದ ಆಗಲೇ ಬೋಂಡಾ ಗಾಡಿಗಳಿಗೆ ಹಂಚಿಹೋಗಿತ್ತು. ಪೇಟೆಯೆಲ್ಲ ಅಲೆದು ಒಂದೇ ಒಂದು ಹಾಳೆ ಸಿಕ್ಕಿತು. ಕುರಿಯ ಗೊರಸು ಕೊಳೆತರೆ ಯಾವ ಸೊಪ್ಪು ಅರೆಯಬೇಕೆಂಬಲ್ಲಿ ಎಣ್ಣೆ ಹೀರಿ ಅಕ್ಷರ ಕಲಸಿತ್ತು. ಅದನ್ನೇ ಮೇಷ್ಟ್ರಿಗೆ ಮುಟ್ಟಿಸಿ, ಮತ್ತೆ ಮಾವನ ಅಂಗಡಿಯ ಕೆಲಸಕ್ಕೆ ಹೋಗಲಿಲ್ಲ. ಕಲ್ಯಾಣದುರ್ಗದಲ್ಲೇ ಸ್ವಂತದ್ದೊಂದು ಕಂಪ್ಯೂಟರ್ ಇಟ್ಟುಕೊಂಡೆ.

ಮಾವ ಹಾಸಿಗೆ ಹಿಡಿದಾಗ ನೋಡಲು ಹೋದೆ. ಉಗುರು ಇನ್ನೂ ಹಾಗೇ ಇತ್ತು. "ಆ ಮೇಷ್ಟ್ರು ಪುಸ್ತಕ ಏನಾಯ್ತಮ್ಮ?" ಎಂದು ಅವರೇ ಕೇಳಿದರು.

"ಬರಲಿಲ್ಲ ಮಾವ. ಮೇಷ್ಟ್ರೂ ಹೋಗ್ಬುಟ್ರು."

ಪಶ್ಚಾತ್ತಾಪದ ಒಂದು ಮಾತು ಬರುತ್ತದೇನೋ ಎಂದು ಕಾದೆ. "ಆ ಸಲದ ಮಾಲು ಮಾತ್ರ ಎಂಥಾ ಸೋವಿಗೆ ಬಿದ್ದಿತ್ತು, ಚವಕಂಟೇ ಚವಕ" ಎಂದು ತೆಲುಗಿನಲ್ಲೂ ಒಂದು ಸಲ ಹೇಳಿಕೊಂಡು ಬಾಯಿ ಚಪ್ಪರಿಸಿದರು. ನಾನು ಎದ್ದು ಬಚ್ಚಲಿಗೆ ಹೋಗಿ ಸುಮ್ಮನೆ ಕೈ ತೊಳೆದುಕೊಂಡೆ.

ಅವರು ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಯ ಕಾರ್ಡನ್ನು ನಾನೇ ಮಾಡಬೇಕೆಂದು ಅತ್ತೆ ಹೇಳಿಕಳಿಸಿದಳು. ದಾರಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ, ಅಂಗಡಿಯವನು ಹೇಳಿದ ಬೆಲೆಗೇ, ಬಿಚ್ಚದ ಹೊಸ ಫ್ಲಾಪಿ ಡಬ್ಬಿ ಕೊಂಡೆ. ಮಾವನ ಅಂಗಡಿಯಲ್ಲಿ ಅದನ್ನು ಕಂಡು ಅತ್ತೆ, "ಇದ್ಯಾಕಮ್ಮ ತಂದೆ? ನಿಮ್ಮಾವಂದು ಟ್ರಂಕ್ ತುಂಬಾ ಅವ್ವಲ್ಲ" ಎಂದಳು.

"ಬ್ಯಾಡ ಅತ್ತೆ. ಅದ್ರಾಗೆ ಮಾವನ ಹೆಸ್ರು ನಿಲ್ಲಲ್ಲ."

ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋಗಲಿಲ್ಲ, ಅಲ್ಲೇ ಪಕ್ಕದಲ್ಲಿ ಕೂತಳು. ನಾನು ಕೀಲಿಮಣೆಯ ಮೇಲಿನ ನಶ್ಯ ಊದಿ, ಒರೆಸಿ, ಅವರು ಟವೆಲ್ ಹೊದಿಸಿ ಕಲಿಸಿದಂತೆಯೇ ಕೆಳಗೆ ನೋಡದೆ ಅವರ ಹೆಸರು ಹೊಡೆದೆ. ಒಂದು ತಪ್ಪೂ ಬರಲಿಲ್ಲ.