ಭಾವನ ಬಿಲ್ಲೆ ನಂಬರು

2007ರ ಏಪ್ರಿಲ್ ಒಂದರಿಂದ ಕರ್ನಾಟಕದಲ್ಲಿ ಲಾಟರಿ ನಿಂತಿತು. ಆ ಬೆಳಿಗ್ಗೆ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದಿಂದ ನಾನೇ ವರದಿ ಕಳಿಸಿದೆ. ಅಂಗಡಿ ಮುಚ್ಚುತ್ತಿದ್ದ ಟಿಕೆಟ್ ಮಾರುವವರ ಮಾತು ಅದರಲ್ಲಿತ್ತು. ನಮ್ಮಕ್ಕ ಅಂದು ಪಾಯಸ ಮಾಡಿದ ಸಂಗತಿ ಅದರಲ್ಲಿ ಇರಲಿಲ್ಲ.

ಭಾವ ಬಂಗಾರಪೇಟೆ ಬಳಿಯ ಹಳ್ಳಿಯಿಂದ ಇಲ್ಲಿನ ಗಣಿ ಮೈಸೂರು ಮೈನ್ಸ್‌ಗೆ ಹೋಗಿ ಸುರಂಗದಲ್ಲಿ ದುಡಿದವರು. ಇಳಿಯುವ ಪ್ರತಿಯೊಬ್ಬನಿಗೂ ನಂಬರಿರುವ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಅದು ವಾಪಸು ಬಂದರೆ ಮನುಷ್ಯ ಮೇಲೆ ಬಂದನೆಂದು ಅರ್ಥ. ಗಣಿ ಮುಚ್ಚಿದಾಗ ಭಾವ ಬಿಲ್ಲೆಯನ್ನು ಮನೆಗೇ ತಂದರು. ಆಮೇಲೆ ಕೊಂಡ ಟಿಕೆಟ್‌ಗಳೆಲ್ಲ ಆ ನಂಬರಿನವೇ, ಕೊನೆಯ ಮೂರಂಕಿ ನಾನೂರ ಹದಿನೇಳು ಇರಬೇಕು. ಪಕ್ಕದ ಗಣಿ ಉರಿಗಾಂನಲ್ಲೂ ಹಲವರು ತಮ್ಮ ಬಿಲ್ಲೆ ನಂಬರನ್ನೇ ಹುಡುಕುತ್ತಿದ್ದರು. ದಿನವೂ ಪಾತಾಳದಿಂದ ಜೀವಂತವಾಗಿ ಮೇಲೆ ತಂದ ನಂಬರು ಕೈಬಿಡದೆಂದು ನಂಬಿದ್ದರು. ಅಕ್ಕನ ಎರಡು ಹಸು ಮಾರಿಹೋದದ್ದು ಹಾಗೆ.

ಈಚೆಗೆ ಪತ್ರಿಕೆಯ ಕಚೇರಿಯಿಂದ ಫೋನು ಬಂತು. ಬೊಕ್ಕಸಕ್ಕಾಗಿ ರಾಜ್ಯ ಮತ್ತೆ ಲಾಟರಿ ತರಬೇಕೇ, ಎರಡೂ ಕಡೆಯವರನ್ನು ಕೇಳಿ ಬರೆಯಿರಿ ಎಂದರು. ಇದೇ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇನೋ ನೆನಪಿಲ್ಲ. ದೂರ ಹೋಗುವ ಚೈತನ್ಯವಿಲ್ಲದೆ ಅಕ್ಕನ ಮನೆಗೇ ಹೋದೆ.

ಭಾವ ಜಗುಲಿಯಲ್ಲಿ ಕೆಮ್ಮುತ್ತ ಕೂತಿದ್ದರು. ಈಗಲೂ ಶಬರಿಮಲೆಗೆ ಹೋಗುವವರ ಕೈಲಿ ವರ್ಷಕ್ಕೊಂದು ಕೇರಳದ ಟಿಕೆಟ್ ತರಿಸುತ್ತಾರೆ, ನಂಬರು ಅದೇ. ಲಾಟರಿ ಬರಲೇಬೇಕೆಂದರು. ಆ ದುಡ್ಡಿನಲ್ಲಿ ಅಲ್ಲಿ ಬಡವರಿಗೆ ಔಷಧಿ ಕೊಡುತ್ತಾರಂತೆ, ಇಲ್ಲಿ ಗಣಿಯಲ್ಲಿ ತಮ್ಮ ಎದೆಗೆ ಸೇರಿದ ದೂಳಿಗೆ ಕೇಳುವವರಿಲ್ಲ ಎಂದರು.

"ಕುಡಿಯೋರ ದುಡ್ಡು ಸರ್ಕಾರಕ್ಕೆ ಆಯ್ತದೆ, ನಮ್ದು ಮೈಲಿಗೆನಾ? ಅಂಗೇ ಬರಿ ಕಣಯ್ಯ."

ಅಕ್ಕ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತಲೆ ಎತ್ತದೆ ನನಗೆ ಹೇಳಿದಳು: "ಇವರ ನಂಬ್ರು ಚಿನ್ನದ ಗಣಿಯಾಗೇ ಚಿನ್ನ ತರ್ನಿಲ್ಲ, ಕಾಗದದಾಗೆ ತತ್ತದಾ?"

ಭಾವ ನಕ್ಕರು. ಅಕ್ಕ ನಗಲಿಲ್ಲ.

"ವರ್ಸಕ್ಕೊಂದಾದ್ರೆ ತಡ್ಕಂತೀನಿ. ಬಸ್‌ಸ್ಟ್ಯಾಂಡಾಗೆ ದಿನಾ ಸಿಕ್ರೆ ಉಳಿದಿರೋ ಈ ಅಸೂನೂ ಓಯ್ತದೆ. ಅದನ್ನೂ ಬರ್ಕೊ."

ಎರಡನ್ನೂ ಬರೆದೆ. ಒಬ್ಬ ಮಾಜಿ ಗಣಿ ಕಾರ್ಮಿಕ, ಒಬ್ಬ ಗೃಹಿಣಿ ಎಂದಷ್ಟೇ ಹಾಕಿ, ಇಬ್ಬರಿಗೂ ಸಮವಾಗಿ ಆರಾರು ಸಾಲು ಕೊಟ್ಟೆ. ಅಚ್ಚಾದ ಪತ್ರಿಕೆಯನ್ನು ಭಾವ ಅಕ್ಕಪಕ್ಕದವರಿಗೆಲ್ಲ ತೋರಿಸಿ, ಲಾಟರಿ ಬಂದೇಬಿಟ್ಟಿತು ಎಂದರಂತೆ.

ಸರ್ಕಾರ ಇನ್ನೂ ಏನೂ ತೀರ್ಮಾನಿಸಿಲ್ಲ. ಅಕ್ಕ ಆಗಲೇ ಉಳಿದಿರುವ ಹಸುವನ್ನು ಪಕ್ಕದ ಊರಿನ ಮಗಳ ಮನೆಯಲ್ಲಿ ಕಟ್ಟಿದ್ದಾಳೆ. ದಿನಕ್ಕೆರಡು ಸಲ ನಡೆದುಹೋಗಿ ಹಾಲು ಕರೆದು ಬರುತ್ತಾಳೆ.